ನಂಗು, ಏಡಿ, ಹೇಂಟೆ: ಅಡುಗೆಮನೆಯಲ್ಲೇ ಎಡ–ಬಲದ ಪಾಠ ನೋಡುವುದು ಹೇಗೆ?

ಕಾರವಾರದ ಮೀನು ಮಾರ್ಕೆಟ್ಟಿಗೆ ಹೋದಾಗ ನಂಗು ಸಿಕ್ಕರೆ ತನ್ನಿ. ಕೊಂಕಣಿಯಲ್ಲಿ ಲೆಪೊ ಅನ್ನುತ್ತಾರಲ್ಲ, ಅದೇ. ರವೆ ಹಚ್ಚಿ ಹುರಿಯುವ ಮೊದಲು ಸ್ವಲ್ಪ ಹೊತ್ತು ಅದನ್ನು ತಟ್ಟೆಯಲ್ಲಿಟ್ಟು ನೋಡುವುದಿದೆ. ಭ್ರೂಣಕ್ಕೆ ತನ್ನ ಎಡ ಯಾವುದು, ಬಲ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಅದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಅಗ್ಗದ ಪ್ರಯೋಗ ಸಿಗಲಿಕ್ಕಿಲ್ಲ. ಜೂನ್–ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆಗ ಮಾತ್ರ ಸ್ವಲ್ಪ ಕಾಯಬೇಕು.

ಮೊದಲು ಒಂದು ಮಾತು. ನಮ್ಮ ಹೃದಯ ಎಡಕ್ಕೆ ವಾಲಿದೆ, ಲಿವರ್ ಬಲಕ್ಕಿದೆ. ಎಡ ಶ್ವಾಸಕೋಶಕ್ಕೆ ಎರಡು ಹಾಲೆ, ಬಲದ್ದಕ್ಕೆ ಮೂರು. ಆದರೆ ಎರಡೂ ಕಡೆಯ ಜೀವಕೋಶಗಳಲ್ಲಿ ಇರುವ ಜೀನುಗಳು ಅವೇ. ಯಾವ ಜೀನ್ ಯಾವ ಕಡೆ, ಯಾವ ಹೊತ್ತಿಗೆ ಚಾಲೂ ಆಗುತ್ತದೆ ಅನ್ನುವುದರಲ್ಲಿ ಎಲ್ಲ ವ್ಯತ್ಯಾಸ ಇದೆ. ಇಲ್ಲಿ ಎರಡು ಪ್ರಶ್ನೆಗಳಿವೆ. ಎರಡು ಕಡೆ ಬೇರೆ ಬೇರೆ ಆಗುವುದು ಹೇಗೆ? ಪ್ರತಿ ಸಲವೂ ಅದೇ ಕಡೆಗೆ ಯಾಕೆ? ಇವೆರಡನ್ನು ಕಲಸಿಬಿಟ್ಟರೆ ಮುಂದಿನದ್ದು ಯಾವುದೂ ತಲೆಗೆ ಹತ್ತುವುದಿಲ್ಲ.

ಹಂತ 1: ನಂಗನ್ನು ತಟ್ಟೆಯಲ್ಲಿಡಿ

ಕಣ್ಣಿರುವ ಕಂದು ಬದಿ ಮೇಲಿರಲಿ. ಬಾಯಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಅದು ಬಾಗಿದ ಕಡೆ ಹೊಟ್ಟೆ, ಆ ಅಂಚು ನಿಮ್ಮ ಕಡೆಗೆ ಇರಲಿ. ಈಗ ತಲೆ ನಿಮ್ಮ ಎಡಗೈ ಕಡೆಗೆ ಬಂದಿರುತ್ತದೆ. ಅಂದರೆ ನೀವು ನೋಡುತ್ತಿರುವುದು ಮೀನಿನ ಎಡ ಮಗ್ಗುಲು. ಎರಡೂ ಕಣ್ಣು ಅಲ್ಲೇ ಇವೆ, ಸಾಸಿವೆಯಷ್ಟು ಚಿಕ್ಕವು, ಹುಡುಕಬೇಕು. ತಿರುಗಿಸಿದರೆ ಆಚೆ ಬದಿ ಬೆಳ್ಳಗೆ, ಕಣ್ಣೇ ಇಲ್ಲ.

ಮರಿಯಾಗಿದ್ದಾಗ ಇದಕ್ಕೂ ಬೇರೆ ಮೀನುಗಳ ಹಾಗೆ ಒಂದೊಂದು ಕಡೆ ಒಂದೊಂದು ಕಣ್ಣು. ಆಮೇಲೆ ಬಲಗಣ್ಣು ಎಡಕ್ಕೆ ಸರಿಯುತ್ತದೆ. ಬುಟ್ಟಿಯಲ್ಲಿರುವ ಮಿಕ್ಕ ನಂಗುಗಳನ್ನೂ ನೋಡಿ, ಎಲ್ಲವೂ ಹೀಗೇ. ಉಲ್ಟಾ ಸಿಗುವುದು ತೀರಾ ಅಪರೂಪ.

ಹಂತ 2: ಕಾಳಿ ದಂಡೆಯ ಏಡಿ ಎಣಿಸಿ

ಇಳಿತದ ಹೊತ್ತಿಗೆ ಕಾಳಿ ನದಿಯ ಕಾಂಡ್ಲಾ ಗಿಡಗಳ ಹತ್ತಿರ ಹೋಗಿ. ಕೆಸರಿನ ಮೇಲೆ ಪುಟ್ಟ ಫಿಡ್ಲರ್ ಏಡಿಗಳು ಓಡಾಡುತ್ತಿರುತ್ತವೆ. ಗಂಡಿಗೆ ಒಂದು ಕಚ್ಚುವ ಕಾಲು ಮೈಗಿಂತ ದೊಡ್ಡದು, ಇನ್ನೊಂದು ಸಣ್ಣದು. ಸುಮ್ನೆ ಅಲುಗಾಡದೆ ನಿಂತರೆ ಬಿಲದಿಂದ ಒಂದೊಂದಾಗಿ ಹೊರಗೆ ಬಂದು ಆ ದೊಡ್ಡ ಕಾಲನ್ನು ಬೀಸುತ್ತವೆ. ಒಂದು ಇಪ್ಪತ್ತು ಏಡಿ ನೋಡಿ. ಅನೇಕ ಜಾತಿಗಳಲ್ಲಿ ಅರ್ಧದಷ್ಟಕ್ಕೆ ಬಲಗಾಲು ದೊಡ್ಡದು, ಇನ್ನರ್ಧಕ್ಕೆ ಎಡಗಾಲು. ಕೆಲವು ಜಾತಿಗಳಲ್ಲಿ ಮರಿಯಾಗಿದ್ದಾಗ ಎರಡೂ ಒಂದೇ ಥರ ಇರುತ್ತವೆ. ಒಂದು ಕಳಚಿ ಬಿದ್ದರೆ ಉಳಿದದ್ದು ದೊಡ್ಡದಾಗುತ್ತದೆ.

ಅಂದರೆ ಮೊದಲ ಪ್ರಶ್ನೆಗೆ ಏಡಿ ಉತ್ತರ ಕಂಡುಕೊಂಡಿದೆ, ಎರಡನೆಯದಕ್ಕೆ ನಾಣ್ಯ ಚಿಮ್ಮಿದೆ. ನಂಗು ಎರಡಕ್ಕೂ ಉತ್ತರ ಇಟ್ಟುಕೊಂಡಿದೆ. ನಾವೂ ಅಷ್ಟೇ.

ಹಂತ 3: ಇಲಿಯ ಭ್ರೂಣದೊಳಗೆ ಇಣುಕಿ

ಇದನ್ನು ಮನೆಯಲ್ಲಿ ಮಾಡುವ ಹಾಗಿಲ್ಲ, ಓದಬೇಕು ಅಷ್ಟೆ. ಆದರೆ ಇಡೀ ಕಥೆಯ ಜೀವ ಇಲ್ಲೇ ಇದೆ.

ಎಂಟನೇ ದಿನದ ಹೊತ್ತಿಗೆ ಇಲಿಯ ಭ್ರೂಣದ ನಡು ಗೆರೆಯ ಮೇಲೆ ಒಂದು ಪುಟಾಣಿ ಗುಳಿ ಇರುತ್ತದೆ. ಅದಕ್ಕೆ ನೋಡ್ ಎಂದು ಹೆಸರು. ಅದರ ತಳದಲ್ಲಿ ಇನ್ನೂರು–ಮುನ್ನೂರು ಸೂಕ್ಷ್ಮ ಕೂದಲು, ಅಂದರೆ ಸಿಲಿಯಾ. ಒಂದೊಂದೂ ಸೆಕೆಂಡಿಗೆ ಹತ್ತರಷ್ಟು ಸುತ್ತು ಹಾಕುತ್ತದೆ, ಎಲ್ಲವೂ ಗಡಿಯಾರದ ದಿಕ್ಕಿಗೆ. ಸುಮ್ನೆ ಸುತ್ತಿದರೆ ನೀರು ಅಲ್ಲೇ ಗಿರ್ರನೆ ತಿರುಗುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಆದರೆ ಈ ಕೂದಲುಗಳು ಬಾಲದ ಕಡೆಗೆ ವಾಲಿಕೊಂಡಿವೆ. ಪಾತಿದೋಣಿಯಲ್ಲಿ ಹುಟ್ಟು ಹಾಕುವವರನ್ನು ನೋಡಿದ್ದೀರಲ್ವಾ? ಒಂದು ಸಲ ನೀರನ್ನು ಒತ್ತುತ್ತಾರೆ, ವಾಪಸ್ ತರುವಾಗ ಗಾಳಿಯಲ್ಲಿ ತರುತ್ತಾರೆ. ವಾಲಿದ ಕೂದಲೂ ಅರ್ಧ ಸುತ್ತಿನಲ್ಲಿ ಮೇಲೆ ಎದ್ದು ನೀರನ್ನು ಎಡಕ್ಕೆ ತಳ್ಳುತ್ತದೆ. ಇನ್ನರ್ಧದಲ್ಲಿ ತಳಕ್ಕೆ ತಾಗಿಕೊಂಡು ಬರುವುದರಿಂದ ಅಲ್ಲಿ ನೀರು ಅಷ್ಟಾಗಿ ಕದಲುವುದಿಲ್ಲ. ಒಟ್ಟಿನಲ್ಲಿ ನೀರು ಎಡಕ್ಕೆ ಹರಿಯುತ್ತದೆ.

1998ರಲ್ಲಿ ಜಪಾನಿನ ಹಿರೊಕಾವಾ ಅವರ ತಂಡ ಈ ಹರಿವನ್ನು ತೋರಿಸಿತು. ನಾಲ್ಕು ವರ್ಷದ ನಂತರ ಜಪಾನಿನ ವಿಜ್ಞಾನಿಗಳೇ ಹೊರಗಿನಿಂದ ದ್ರವವನ್ನು ಬಲಕ್ಕೆ ಹರಿಸಿ ನೋಡಿದರು. ಭ್ರೂಣದ ಎಡ–ಬಲ ಉಲ್ಟಾ ಆಯಿತು!

ಇನ್ನು ಜೀನುಗಳ ಸರದಿ. ಗುಳಿಯ ಅಂಚಿನಲ್ಲಿ ಅಲುಗದೆ ನಿಂತ ಕೂದಲುಗಳು ಈ ಹರಿವನ್ನು ಗ್ರಹಿಸುತ್ತವೆ. ಅಲ್ಲಿ ಡ್ಯಾಂಡ್5 ಎಂಬ ಜೀನ್ ನೋಡಲ್ ಎಂಬ ಇನ್ನೊಂದನ್ನು ತಡೆದು ಹಿಡಿದಿರುತ್ತದೆ. ಹರಿವು ತಾಗಿದ ಎಡಗಡೆಯಲ್ಲಿ ಡ್ಯಾಂಡ್5ನ ಸಂದೇಶ, ಅಂದರೆ ಪ್ರೋಟೀನು ತಯಾರಿಸಲು ಬೇಕಾದ ಆರ್‌ಎನ್‌ಎ ಪ್ರತಿ, ಹಾಳಾಗುತ್ತದೆ, ತಡೆ ಸಡಿಲವಾಗುತ್ತದೆ. ನೋಡಲ್ ಎಡಕ್ಕೆ ಹರಡುತ್ತದೆ. ಅದರ ಪಕ್ಕದ ಡಿಎನ್ಎ ತುಣುಕೊಂದು ಸ್ವಿಚ್ಚಿನ ಕೆಲಸ ಮಾಡುತ್ತದೆ. ಫಾಕ್ಸ್ಎಚ್1 ಎಂಬ ಪ್ರೋಟೀನು ಕೂರುವುದು ಅಲ್ಲೇ. ನೋಡಲ್ ಸಂಕೇತ ಬಂದರೆ ಆ ಸ್ವಿಚ್ ಒತ್ತಿ ಇನ್ನಷ್ಟು ನೋಡಲ್ ತಯಾರಾಗುತ್ತದೆ. ಹೀಗೆ ತೀರಾ ಸಣ್ಣ ವ್ಯತ್ಯಾಸ ಬೇಗ ಬೇಗ ದೊಡ್ಡದಾಗುತ್ತದೆ.

ಅದು ಬಲಕ್ಕೂ ನುಗ್ಗಿಬಿಟ್ಟರೆ? ಅದಕ್ಕೇ ಅದೇ ಥರದ ಸ್ವಿಚ್ ಲೆಫ್ಟಿ ಎಂಬ ಜೀನಿಗೂ ಇದೆ. ಲೆಫ್ಟಿ ಪ್ರೋಟೀನು ನೋಡಲ್‌ಗಿಂತ ಬೇಗ ದೂರ ಹೋಗಿ ಅದನ್ನು ಅಡ್ಡಗಟ್ಟುತ್ತದೆ. ನಡು ಗೆರೆಯಲ್ಲೂ ಅದರ ಕಾವಲಿದೆ. ಮೂರನೆಯ ಸ್ವಿಚ್ ಪಿಟ್ಎಕ್ಸ್2 ಜೀನಿನದು. ನೋಡಲ್ ಕೆಲವು ಗಂಟೆಯಲ್ಲಿ ಮಾಯವಾಗುತ್ತದೆ, ಆದರೆ ಪಿಟ್ಎಕ್ಸ್2 ಬೇರೊಂದು ಪ್ರೋಟೀನಿನ ನೆರವಿನಿಂದ ಎಡಗಡೆ ಉಳಿಯುತ್ತದೆ. 'ಇದು ಎಡ' ಅಂತ ಮುಂದೆ ಅಂಗಗಳಿಗೆ ನೆನಪಿಸುವುದು ಅದೇ.

ನಂಗಿನ ದೂರದ ನೆಂಟನಾದ ಜಪಾನಿನ ಚಪ್ಪಟೆ ಮೀನಿನಲ್ಲಿ ಕಣ್ಣು ಸರಿಯುವ ಮುಂಚೆ ಮಿದುಳಿನ ಎಡಭಾಗದಲ್ಲಿ ಪಿಟ್ಎಕ್ಸ್2 ಮತ್ತೆ ಚಾಲೂ ಆಗುತ್ತದೆ ಎಂದು 2009ರಲ್ಲಿ ಕಂಡುಕೊಂಡರು. ಅದನ್ನು ತಡೆದರೆ ಕಣ್ಣು ಎತ್ತ ಬೇಕಾದರೂ ಹೋದೀತು.

ಕೂದಲೇ ಸುತ್ತದಿದ್ದರೆ? ಅಂಥ ಇಲಿಯ ತಳಿ 1959ರಿಂದಲೇ ಗೊತ್ತಿದೆ. ಅದರ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಅಂಗಗಳು ಉಲ್ಟಾ. ಕಾಳಿ ದಂಡೆಯ ಏಡಿಗಳದ್ದೇ ಲೆಕ್ಕ.

ಹಂತ 4: ಕೋಳಿ ಅಂಗಡಿ

ನನಗೆ ಅತಿ ಇಷ್ಟವಾದ ಹಂತ ಇದು. ಬ್ರಾಯ್ಲರ್ ಬೇಡ, ಅದು ಮೊಟ್ಟೆ ಇಡುವ ವಯಸ್ಸಿಗೆ ಬರುವುದೇ ಇಲ್ಲ. ಮೊಟ್ಟೆ ಇಡುತ್ತಿರುವ ಹೇಂಟೆ ಬೇಕು. ಅದನ್ನು ಅಂಗಾತ ಮಲಗಿಸಿ, ತಲೆ ಆಚೆಗೆ, ಕಾಲು ನಿಮ್ಮ ಕಡೆಗೆ. ಹೊಟ್ಟೆ ಬಿಡಿಸಿ ಕರುಳು ಸರಿಸಿದರೆ ಬೆನ್ನಿಗೆ ಅಂಟಿಕೊಂಡು ಹಳದಿ ಗೊಂಚಲು ಕಾಣುತ್ತದೆ. ಮೇಲೆ ಕಾಳುಮೆಣಸಿನಷ್ಟು ಚಿಕ್ಕವು, ಕೆಳಗೆ ನಿಂಬೆಯಷ್ಟಾದ ಒಂದೆರಡು. ಅಂಡಾಶಯ ಇದೇ. ಅದು ನಿಮ್ಮ ಬಲಗೈ ಕಡೆ ಇರುತ್ತದೆ, ಅಂದರೆ ಕೋಳಿಯ ಎಡಕ್ಕೆ. ಇನ್ನೊಂದು ಕಡೆ ಹುಡುಕಿ, ಏನೂ ಇರುವುದಿಲ್ಲ. ಹುಂಜ ಕೊಯ್ದರೆ ಬೀಜ ಎರಡೂ ಕಡೆ ಇರುತ್ತವೆ.

ಮೊಟ್ಟೆಯೊಳಗಿನ ಹೆಣ್ಣು ಮರಿಗೆ ಮೊದಲಿಗೆ ಎರಡೂ ಕಡೆ ಅಂಡಾಶಯದ ಮೊಳಕೆ ಇರುತ್ತದೆ. ಎಡದ್ದರಲ್ಲಿ ಪಿಟ್ಎಕ್ಸ್2 ಇರುವುದರಿಂದ ಅದು ಬೆಳೆಯುತ್ತದೆ, ಬಲದ್ದು ಕುಗ್ಗುತ್ತದೆ. ತಮಾಷೆ ಏನೆಂದರೆ ಕೋಳಿಯ ಭ್ರೂಣದಲ್ಲಿ ಇಲಿಯ ಹಾಗೆ ನೀರಿನ ಹರಿವು ಇಲ್ಲ. ಅಲ್ಲಿ ನೋಡ್ ಸುತ್ತಲಿನ ಜೀವಕೋಶಗಳೇ ಎಡಕ್ಕೆ ಸರಿಯುತ್ತವೆ. ದಾರಿ ಬೇರೆಯಾದರೂ ಕೊನೆಗೆ ಚಾಲೂ ಆಗುವುದು ಎಡದ ನೋಡಲ್ಲೇ. ಇದು ಎಡಗಡೆ ಮಾತ್ರ ಕಾಣುತ್ತದೆ ಎಂದು 1995ರಲ್ಲಿ ಮೊದಲು ಗೊತ್ತಾದದ್ದೂ ಕೋಳಿಯಲ್ಲೇ.

ಹಂತ 5: ಶಂಖ

ಕಡಲದಂಡೆಯಲ್ಲಿ ಬಿದ್ದ ಖಾಲಿ ಶಂಖ ಹಿಡಿದು ಸುತ್ತು ಶುರುವಾಗುವ ಚೂಪು ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆ ತಿರುಗಿಸಿ. ಬಾಯಿ ಬಲಕ್ಕಿದ್ದರೆ ಬಲಸುತ್ತು. ಹೆಚ್ಚಿನವು ಅಂಥವೇ. ಬಲಸುತ್ತಿನ ಬಸವನಹುಳುಗಳಲ್ಲಿ ನೋಡಲ್, ಪಿಟ್ಎಕ್ಸ್ ಜೀನುಗಳು ಚಾಲೂ ಆಗುವುದು ಬಲಗಡೆ. ಕೆರೆಯ ಒಂದು ಬಸವನಹುಳುವಿನಲ್ಲಿ ಸುತ್ತಿನ ದಿಕ್ಕನ್ನು ತಾಯಿಯ ಜೀನ್ ನಿರ್ಧರಿಸುತ್ತದೆ, ಮರಿಯದ್ದಲ್ಲ. 2019ರಲ್ಲಿ ಜಪಾನಿನಲ್ಲಿ ಆ ಒಂದು ಜೀನನ್ನು ಕೆಡಿಸಿ ಎಡಸುತ್ತಿನ ಮರಿಗಳನ್ನು ಪಡೆದರು. ಪೂಜೆಯ ಬಲಮುರಿ ಶಂಖ ಈ ಲೆಕ್ಕದಲ್ಲಿ ಎಡಸುತ್ತಿನದು, ಯಾಕೆಂದರೆ ನಮ್ಮವರು ಅದನ್ನು ತಲೆಕೆಳಗಾಗಿ ಹಿಡಿದು ನೋಡುತ್ತಾರೆ. ಕೊಳ್ಳುವಾಗ ಹುಷಾರು. ಅಮೆರಿಕದ ಕಡಲಿನ ಒಂದು ಜಾತಿ ಹುಟ್ಟಾ ಎಡಸುತ್ತೇ, ಅದನ್ನೇ ಬಲಮುರಿ ಅಂತ ಮಾರುವವರಿದ್ದಾರೆ.

ಹಂತ 6: ಎಕ್ಸ್‌ರೇಯಲ್ಲಿ ಹೃದಯ ಬಲಕ್ಕೆ ಕಂಡರೆ

ಮೊದಲು ಫಿಲ್ಮಿನ ಮೂಲೆಯ ಎಡ–ಬಲದ ಗುರುತು ನೋಡಿ, ಎಷ್ಟೋ ಸಲ ಫಿಲ್ಮೇ ತಿರುವಿರುತ್ತದೆ. ನಿಜಕ್ಕೂ ಎಲ್ಲ ಅಂಗಗಳೂ ಉಲ್ಟಾ ಇರುವವರು ಸುಮಾರು 10,000 ಜನರಲ್ಲಿ ಒಬ್ಬರು. ಎಲ್ಲವೂ ಒಟ್ಟಿಗೆ ತಿರುಗಿದ್ದರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಕೆಲವೇ ಅಂಗ ತಿರುಗಿದ್ದರೆ ಹೃದಯದ ದೋಷ ಇರುವ ಸಾಧ್ಯತೆ ಜಾಸ್ತಿ, ಪರೀಕ್ಷೆ ಮಾಡಿಸಲೇಬೇಕು.

ಚಿಕ್ಕಂದಿನಿಂದ ಬಿಡದ ಕಫ, ಕೆಮ್ಮು, ಸೈನಸ್ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಉಲ್ಟಾ ಅಂಗ ಮತ್ತು ಬಿಡದ ಕಫದ ಈ ಜೋಡಿಯನ್ನು 1933ರಲ್ಲಿ ಕಾರ್ಟಗೆನರ್ ಎಂಬ ವೈದ್ಯರು ವಿವರಿಸಿದರು. ಕಾರಣ 1976ರಲ್ಲಿ ಸ್ವೀಡನ್ನಿನ ಅಫ್ಜೆಲಿಯಸ್ ಅವರಿಗೆ ಹೊಳೆಯಿತು: ಕಫವನ್ನು ಹೊರದೂಡಬೇಕಾದ ಸಿಲಿಯಾ ಅಲುಗುವುದಿಲ್ಲ. ಈ ಕಾಯಿಲೆಯವರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ಅಂಗಗಳು ಉಲ್ಟಾ.

ಹಾಗಿರುವವರು ಒಂದು ಚೀಟಿ ಪರ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅಪೆಂಡಿಕ್ಸ್ ನೋವು ಅವರಿಗೆ ಎಡಗಡೆ ಬರಬಹುದು. ಇಸಿಜಿ ತೆಗೆಯುವವರಿಗೂ ಮೊದಲೇ ತಿಳಿಸಬೇಕು, ಎದೆಯ ವೈರುಗಳನ್ನು ಬಲಗಡೆಗೆ ಹಚ್ಚಬೇಕಾಗುತ್ತದೆ.