ಗೋಕರ್ಣದಲ್ಲಿ ಬ್ಯಾಗ್ ಇಳಿಸಿ, ದಿನಕ್ಕೊಂದು ದಿಕ್ಕು ಹಿಡಿಯಿರಿ

ಹುಬ್ಬಳ್ಳಿ-ಧಾರವಾಡದವರು ಸಮುದ್ರಕ್ಕೆ ಹೋಗುವ ರೀತಿ ಗೊತ್ತೇ ಇದೆ. ಶನಿವಾರ ಬೆಳಿಗ್ಗೆ ಓಂ ಬೀಚ್, ಮಧ್ಯಾಹ್ನ ಮುರ್ಡೇಶ್ವರ, ಭಾನುವಾರ ಯಾಣ, ಹಾಗೇ ಕಾರವಾರ ಮುಟ್ಟಿ ವಾಪಸ್. ನೋಡಿದ್ದಕ್ಕಿಂತ ಕಾರಿನಲ್ಲಿ ಕೂತಿದ್ದೇ ಜಾಸ್ತಿ. ಅದರ ಬದಲು ಗೋಕರ್ಣದಲ್ಲಿ ಒಂದು ರೂಮು ಹಿಡಿದು ಮೂರು ರಾತ್ರಿ ಉಳಿಯಿರಿ. ದಿನಕ್ಕೆ ಒಂದೇ ದಿಕ್ಕಿಗೆ ಹೋಗಿ, ಕತ್ತಲಾಗುವುದರೊಳಗೆ ರೂಮು ಸೇರಿಕೊಳ್ಳಿ.

ಮೊದಲು ತಿಂಗಳು ನೋಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಶಿವರಾತ್ರಿಗೆ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಾತ್ರೆ ನೋಡುವ ಆಸೆ ಇದ್ದರೆ ಮಾತ್ರ ಆಗ ಹೋಗಿ, ರೂಮು ಮೊದಲೇ ಬುಕ್ ಮಾಡಿ. ಮಳೆಗಾಲದಲ್ಲಿ ಬೇಡ. ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಗುಡ್ಡ ಕುಸಿಯುವ ಭಯ ಬೇರೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಅಂಕೋಲಾದಿಂದ ಕುಮಟಾ ಕಡೆ ಹೋಗುವ ಇದೇ ಹೆದ್ದಾರಿಯಲ್ಲಿ.

ಹೋಗುವ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಒಟ್ಟು 150 ಕಿ.ಮೀ. ಆಸುಪಾಸು. ಲಾರಿಗಳು ವಿಪರೀತ, ಹಾಗಾಗಿ ನಾಲ್ಕು ತಾಸು ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೇ ಹೊರಟರೆ ಯಲ್ಲಾಪುರದಿಂದ ಒಳಗೆ ಸುಮಾರು 20 ಕಿ.ಮೀ. ಹೋಗಿ ಮಾಗೋಡು ಜಲಪಾತ ನೋಡಬಹುದು. ಅಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಬೀಳುವುದು ಬೇಡ್ತಿ ನದಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಇದನ್ನೇ ಸೇರುತ್ತದೆ. ಘಟ್ಟ ಇಳಿದ ಮೇಲೆ ಇದೇ ನದಿ ಗಂಗಾವಳಿ. ಅಂಕೋಲಾ ದಾಟಿ ಗೋಕರ್ಣದ ಕಡೆ ಹೋಗುವಾಗ ಸೇತುವೆ ಮೇಲೆ ಕಾರು ನಿಧಾನ ಮಾಡಿಸಿ, ಕೆಳಗೆ ಹರಿಯುವುದು ನಮ್ಮ ಕಡೆಯ ನೀರೇ ಅಂತ ಮಕ್ಕಳಿಗೆ ತೋರಿಸಿ.

ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇರಲಿ. ಘಟ್ಟದ ಕೆಳಗೆ ಎಲ್ಲೆಲ್ಲೂ ಅನ್ನ. ಎರಡನೇ ದಿನಕ್ಕೇ ರೊಟ್ಟಿ ನೆನಪಾಗುತ್ತದೆ.

ಒಂದು ದಿನ ಯಾಣಕ್ಕೇ ಇಡಿ

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅನ್ನುವ ಮಾತಿದೆ. ಈಗ ಯಾಣಕ್ಕೆ ರಸ್ತೆ ಇದೆ, ಮೆಟ್ಟಿಲಿವೆ, ಸೊಕ್ಕು ಬೇಕಿಲ್ಲ, ಮೊಣಕಾಲು ಗಟ್ಟಿ ಇದ್ದರೆ ಸಾಕು. ವಾರಾಂತ್ಯದ ರೂಮಿನ ಬಾಡಿಗೆ ಕೇಳಿದರೆ ಗಾದೆಯ ಇನ್ನರ್ಧ ಮಾತ್ರ ಇವತ್ತಿಗೂ ನಿಜ.

ಯಾಣ ಕುಮಟಾದಿಂದ ಸುಮಾರು 30 ಕಿ.ಮೀ. ಗಾಡಿ ನಿಲ್ಲಿಸಿ ಕಾಡಿನಲ್ಲಿ ಸ್ವಲ್ಪ ನಡೆಯಬೇಕು. ಮೊದಲು ಕಾಣುವುದು ಮೋಹಿನಿ ಶಿಖರ, 90 ಮೀಟರ್. ಅದನ್ನೇ ನೋಡಿ ಫೋಟೊ ಹೊಡೆದು ತಿರುಗಿ ಹೋಗುವವರಿದ್ದಾರೆ. ಮುಂದಿರುವ ಭೈರವೇಶ್ವರ ಶಿಖರ 120 ಮೀಟರ್, ಕಪ್ಪು ಸುಣ್ಣಕಲ್ಲಿನ ಗೋಡೆ. ಬುಡದಲ್ಲಿ ಗುಡಿ. ಬಂಡೆಯಿಂದ ಜಿನುಗುವ ನೀರು ಲಿಂಗದ ಮೇಲೆ ಹನಿಯುತ್ತದೆ. ಚಪ್ಪಲಿ ಬಿಟ್ಟು ಬಂಡೆಯ ಸೀಳಿನೊಳಗೆ ಹೋದರೆ ತಲೆಯ ಮೇಲೆ ಆಕಾಶ ಕಿರಿದಾಗುತ್ತಾ ಬರುತ್ತದೆ. ಹೊರಗೆ ಬೆವರು ಸುರಿಯುತ್ತಿದ್ದರೂ ಒಳಗೆ ಕಲ್ಲು ತಣ್ಣಗಿರುತ್ತದೆ. ಮೇಲೆ ಹೆಜ್ಜೇನು ಕಟ್ಟಿರುತ್ತದೆ. ಆದ್ದರಿಂದ ಕೂಗಾಟ, ಸಿಳ್ಳೆ ಬೇಡ. ಹತ್ತಿರದಲ್ಲೇ ವಿಭೂತಿ ಜಲಪಾತ ಇದೆ, ಮಧ್ಯಾಹ್ನ ಅಲ್ಲಿ ಕಳೆಯಬಹುದು. ಬೇಸಿಗೆಯಲ್ಲಿ ನೀರು ಕಡಿಮೆ.

ಇನ್ನೊಂದು ದಿನ ದಕ್ಷಿಣಕ್ಕೆ

ಮುರ್ಡೇಶ್ವರ ಸುಮಾರು 75 ಕಿ.ಮೀ. ನೇರ ಅಲ್ಲಿಗೇ ಓಡಬೇಡಿ. ಹೆದ್ದಾರಿಯ ಪಕ್ಕದಲ್ಲೇ ಮಿರ್ಜಾನ ಕೋಟೆ ಇದೆ. ಕೆಂಪು ಜಂಬಿಟ್ಟಿಗೆಯ ಗೋಡೆ, ಮೇಲೆಲ್ಲ ಹಸಿರು. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಇದರ ಜೊತೆ ಸೇರಿದೆ. ಬಿಸಿಲೇರುವ ಮೊದಲು ಒಂದು ತಾಸು ಸಾಕು.

ರಾವಣನ ಆತ್ಮಲಿಂಗದ ಕಥೆಯಲ್ಲಿ ಬರುವ ಐದು ಕ್ಷೇತ್ರಗಳಲ್ಲಿ ಧಾರೇಶ್ವರ, ಗುಣವಂತೆ, ಮುರ್ಡೇಶ್ವರ ಮೂರೂ ಇದೇ ದಾರಿಯಲ್ಲಿವೆ. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ನೆನಪಿರಲಿ. ಹೊನ್ನಾವರದಲ್ಲಿ ಶರಾವತಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ದಾರಿ ಮಾಡಿದ್ದಾರೆ, ಮಕ್ಕಳಿಗೆ ಅದು ಇಷ್ಟವಾಗುತ್ತದೆ.

ಮುರ್ಡೇಶ್ವರದ ಶಿವ 123 ಅಡಿ. 20 ಅಂತಸ್ತಿನ ಗೋಪುರದ ಮೇಲಕ್ಕೆ ಲಿಫ್ಟ್ ಇದೆ, ಸಾಲು ಉದ್ದ. ಮೇಲಿಂದ ಸಮುದ್ರ, ಮೂರ್ತಿ ಎರಡೂ ಕಾಣುತ್ತವೆ, ಕಾಯ್ದದ್ದಕ್ಕೆ ಮೋಸವಿಲ್ಲ. ನೀರಿನ ವಿಷಯದಲ್ಲಿ ಮಾತ್ರ ಹುಷಾರು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ವಿದ್ಯಾರ್ಥಿನಿಯರು ಇಲ್ಲಿಯೇ ಮುಳುಗಿ ಸತ್ತರು. ಈಜು ಬಂದರೂ ಜೀವರಕ್ಷಕರು ಬೇಡ ಅಂದಲ್ಲಿ ಇಳಿಯಬಾರದು.

ಉಳಿದದ್ದು ನಡಿಗೆಗೆ, ದೋಣಿಗೆ

ಮೂರನೇ ದಿನ ಕಾರಿಗೆ ರಜೆ. ಬೆಳಿಗ್ಗೆ ಮಹಾಬಲೇಶ್ವರ ಗುಡಿ (ಗಂಡಸರಿಗೆ ಪಂಚೆ ಬೇಕು, ಅಂಗಿ ತೆಗೆಯಬೇಕು), ಆಮೇಲೆ ಕುಡ್ಲೆ ಬೀಚ್‌ನಿಂದ ಗುಡ್ಡದ ಕಾಲುದಾರಿಯಲ್ಲಿ ಓಂ ಬೀಚ್.

ನನಗೆ ಕೇಳಿದರೆ ಸಂಜೆ ತದಡಿಗೆ ಹೋಗಿ. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು ಸಿಗುತ್ತವೆ. ಬೇಸಿಗೆ ಶುರುವಾದರೆ ಬದುವಿನ ಉದ್ದಕ್ಕೂ ಉಪ್ಪಿನ ಗುಡ್ಡೆ. ತದಡಿಯಿಂದ ದೋಣಿಯಲ್ಲಿ ಅಘನಾಶಿನಿ ದಾಟಿ, ಆಚೆ ದಂಡೆಯಲ್ಲಿ ಚಹಾ ಕುಡಿದು ವಾಪಸ್ ಬರಬಹುದು. ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ನೀರು ಇಳಿದಾಗ ಕೆಸರಿನಲ್ಲಿ ಬಗ್ಗಿ ಬಳಚು (ಚಿಪ್ಪಿನ ಜೀವಿ) ಆರಿಸುವವರು ಕಾಣುತ್ತಾರೆ. 2024ರಲ್ಲಿ ನದಿ ಸಮುದ್ರ ಸೇರುವ ಈ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ ಸೇರಿದ್ದೂ ಅದೇ ಬಾರಿ.

ಕಾರಿಲ್ಲದವರಿಗೆ

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲಿಲ್ಲ, ಬಸ್ಸೇ ಗತಿ. ನೀವು ಗೋಕರ್ಣದ ಬದಲು ಕುಮಟಾದಲ್ಲಿ ರೂಮು ಮಾಡುವುದು ಒಳ್ಳೆಯದು. ಹೆದ್ದಾರಿಯ ಊರು, ಹೊನ್ನಾವರ, ಗೋಕರ್ಣ ಎರಡೂ ಕಡೆಗೆ ಬಸ್ ಸಿಗುತ್ತದೆ. ಯಾಣಕ್ಕೆ ಮಾತ್ರ ಬಸ್ ನಂಬಿಕೊಳ್ಳಬೇಡಿ. ನಾಲ್ಕು ಜನ ಸೇರಿ ಆಟೊ ಅಥವಾ ಟ್ಯಾಕ್ಸಿ ಮಾಡಿ, ಕಾಯುವುದಕ್ಕೂ ಸೇರಿಸಿ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.