ಬೇಕು ಅನ್ನಲು ಕಲಿತದ್ದು

ಹೆತ್ತವರು ನೋಡಿಕೊಳ್ಳಲಾಗದ ಮಕ್ಕಳನ್ನು ಅಧಿಕಾರಿಗಳು ಬೇರೊಂದು ಕುಟುಂಬಕ್ಕೆ ಒಪ್ಪಿಸುತ್ತಾರಲ್ಲ, ಅಂಥ ಸಾಕು ಮನೆಗೆ ಬಂದಾಗ ನನಗೆ ಎಂಟು ವರ್ಷ. ತಮ್ಮನಿಗೆ ಎರಡು ತುಂಬಲು ಇನ್ನೂ ಒಂದು ತಿಂಗಳಿತ್ತು. ಮೊದಲ ರಾತ್ರಿ ಊಟಕ್ಕೆ ಕೂತಾಗ ಆ ಮನೆಯಾಕೆ ಕೇಳಿದರು, "ಇನ್ನು ಸ್ವಲ್ಪ ಹಾಕ್ಲಾ ಮರಿ?" "ಸಾಕು" ಅಂದೆ. ಹೊಟ್ಟೆ ಇನ್ನೂ ಚುರುಗುಟ್ಟುತ್ತಿತ್ತು. "ಹೊದ್ದುಕೊಳ್ಳೋಕೆ ಇನ್ನೊಂದು ಕೊಡ್ಲಾ?" "ಸಾಕು." "ಲೈಟ್ ಉರೀತಾ ಇರ್ಲಾ?" "ಬೇಡ." ಕತ್ತಲೆ ಅಂದರೆ ನನಗೆ ಭಯ. ಆದರೂ ಬೇಡ ಅಂದೆ.

ಕನ್ನಡದಲ್ಲಿ ಸಾಕು ಅನ್ನುವುದಕ್ಕೆ ಎರಡು ಅರ್ಥ. ಪೊರೆ, ಬೆಳೆಸು ಅನ್ನುವುದೊಂದು. ಇಷ್ಟೇ, ಇನ್ನು ಬೇಡ ಅನ್ನುವುದು ಇನ್ನೊಂದು. ನನ್ನನ್ನು ಸಾಕಲು ಮುಂದೆ ಬಂದವರಿಗೆ ನಾನು ಹತ್ತು ವರ್ಷ ಸಾಕು, ಸಾಕು ಅನ್ನುತ್ತಲೇ ಇದ್ದೆ. ಈಗ ನನಗೆ ಮೂವತ್ತೇಳು. ಬೇಕು ಅನ್ನಲು ಕಲಿತದ್ದು ತೀರಾ ತಡವಾಗಿ, ಒಂದೊಂದೇ ಹೆಜ್ಜೆಯಾಗಿ. ಯಾರಾದರೂ ಇಪ್ಪತ್ತರಲ್ಲಿ ನನಗಿದನ್ನು ಹೇಳಿಕೊಟ್ಟಿದ್ದರೆ ಎಷ್ಟೋ ವರ್ಷ ಉಳಿಯುತ್ತಿತ್ತು.

ಹೊಡೆತ ತಿಂದು ಬೆಳೆದವರಿಗೆ ಹೇಳಲು ಒಂದು ಘಟನೆಯಾದರೂ ಇರುತ್ತದೆ. ನಿರ್ಲಕ್ಷ್ಯದಲ್ಲಿ ಬೆಳೆದವರಿಗೆ ಅದೂ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಏನಾಯಿತು ಅಂತ ಕೇಳಿದರೆ "ಏನೂ ಆಗಲಿಲ್ಲ" ಅನ್ನುವುದೇ ನಿಜವಾದ ಉತ್ತರ. ಯಾರೂ ಉಗುರು ಕತ್ತರಿಸಲಿಲ್ಲ. ಜ್ವರ ಬಂದಾಗ ಹಣೆ ಮುಟ್ಟಿ ನೋಡಲಿಲ್ಲ. ಹೊತ್ತಾಯಿತು, ಮಲಗು ಅನ್ನಲಿಲ್ಲ. ಶಾಲೆಯಿಂದ ತಡವಾಗಿ ಬಂದರೆ ಎಲ್ಲಿದ್ದೆ ಅಂತ ಕೇಳಲಿಲ್ಲ. ಅಮ್ಮ ಮನೆಯಲ್ಲೇ ಇದ್ದಳು, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅಪ್ಪ ಬಿಟ್ಟುಹೋಗಿದ್ದ. ತಮ್ಮನಿಗೆ ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು, ಅವನು ಅಳದಂತೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಶಾಲೆಯಲ್ಲಿ ಕೊಟ್ಟ ತಿಂಡಿಯಲ್ಲಿ ಅರ್ಧ ಚೀಲಕ್ಕೆ ಸೇರಿಸುವುದನ್ನು ಟೀಚರ್ ಒಬ್ಬರು ನೋಡಿದರು. ನಮ್ಮ ಬದುಕು ಬದಲಾದದ್ದು ಹಾಗೆ.

ಈ "ಏನೂ ಆಗದಿರುವುದು" ತಿಳಿದವರ ಕಣ್ಣಿಗೂ ತಪ್ಪಿಸಿಕೊಳ್ಳುತ್ತದೆ. ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಎಂಬ ಅಮೆರಿಕದ ವೈದ್ಯರು ಬಾಲ್ಯದ ನೋವಿಗೂ ದೊಡ್ಡವರಾದ ಮೇಲಿನ ಕಾಯಿಲೆಗಳಿಗೂ ಇರುವ ನಂಟನ್ನು 1998ರಲ್ಲಿ ಲೋಕದ ಮುಂದಿಟ್ಟರು. ಆ ಮೊದಲ ವರದಿಯಲ್ಲಿ ಏಳು ಬಗೆಯ ನೋವುಗಳನ್ನು ಎಣಿಸಿದ್ದರು. ನಿರ್ಲಕ್ಷ್ಯ ಅದರಲ್ಲಿ ಇರಲಿಲ್ಲ. ಪಟ್ಟಿ ಹತ್ತಕ್ಕೆ ಬೆಳೆದಾಗ ಅದು ಸೇರಿಕೊಂಡಿತು. ಇದನ್ನು ಓದಿದ ದಿನ ನನಗೆ ಒಂದು ಬಗೆಯ ಸಮಾಧಾನವಾಯಿತು. ನನಗಾದದ್ದು ನೋವೇ ಹೌದೋ ಅಲ್ಲವೋ ಅಂತ ಅಷ್ಟು ವರ್ಷ ನಾನೂ ಅನುಮಾನಿಸಿದ್ದೆ. ಒಂದು ಮಾತು ಸೇರಿಸಬೇಕು: ಆ ಪಟ್ಟಿಯಲ್ಲಿ ತಮಗಾದ ನೋವುಗಳನ್ನು ಎಣಿಸಿ, ತಮ್ಮ ಅಂಕ ಎಷ್ಟು ಅಂತ ಲೆಕ್ಕ ಹಾಕಿ ಹೆದರಿ ಕೂತವರನ್ನು ನೋಡಿದ್ದೇನೆ. ಒಬ್ಬ ವ್ಯಕ್ತಿಯ ಮುಂದಿನ ಬದುಕನ್ನು ಅಳೆಯಲು ಆ ಅಂಕ ಇರುವುದಲ್ಲ ಅಂತ 2020ರಲ್ಲಿ ಆಂಡಾ ಅವರೇ ಬರೆದರು. ದಯವಿಟ್ಟು ಅದನ್ನು ಹಣೆಬರಹ ಅಂದುಕೊಳ್ಳಬೇಡಿ.

ಮಗು ಕೇಳುವುದನ್ನು ಏಕೆ ನಿಲ್ಲಿಸುತ್ತದೆ ಅನ್ನುವುದು ನನಗೆ ಅರ್ಥವಾದದ್ದು ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಮಾಡಿದ ಪ್ರಯೋಗದಿಂದ. ಮಗುವಿನ ಜೊತೆ ಆಡುತ್ತಿದ್ದ ತಾಯಿ ಕೆಲವೇ ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಏನು ಮಾಡಿದರೂ ಆ ಮುಖ ಕದಲದಿದ್ದಾಗ ಕೊನೆಗೆ ಬೇರೆ ಕಡೆ ತಿರುಗಿಬಿಡುತ್ತದೆ. ಅಲ್ಲಿ ತಾಯಿ ಮತ್ತೆ ನಗುತ್ತಾಳೆ, ಮಗು ಮರಳಿ ಬರುತ್ತದೆ. ನಮ್ಮ ಮನೆಯಲ್ಲಿ ಆ ನಿಮಿಷಗಳು ಮುಗಿಯಲೇ ಇಲ್ಲ. ರುಮೇನಿಯಾದ ಅನಾಥಾಲಯಗಳಿಗೆ ಹೋದವರು ಹೇಳಿದ್ದೂ ಇದನ್ನೇ: ಸಾಲು ಸಾಲು ತೊಟ್ಟಿಲು, ಆದರೆ ಅಳುವ ಸದ್ದಿಲ್ಲ. ಅತ್ತರೆ ಯಾರೂ ಬರುವುದಿಲ್ಲ ಅಂತ ಗೊತ್ತಾದ ಮಕ್ಕಳು ಅಳುವುದಿಲ್ಲ.

ಹಾಗಾಗಿ ಸಾಕು ಮನೆಯಲ್ಲಿ ನಾನು ಒಳ್ಳೆಯ ಮಗು ಅನ್ನಿಸಿಕೊಂಡೆ. ಹಟವಿಲ್ಲ, ರಗಳೆಯಿಲ್ಲ, ಕೊಟ್ಟದ್ದನ್ನು ತಿನ್ನುತ್ತದೆ. ಎಷ್ಟೋ ವರ್ಷದ ಮೇಲೆ, ಅಧಿಕಾರಿಗಳು ನನ್ನ ಬಗ್ಗೆ ಬರೆದಿಟ್ಟಿದ್ದ ಫೈಲ್ ತರಿಸಿಕೊಂಡು ಓದಿದಾಗ ಒಂದು ಸಾಲು ಮೂರು ಕಡೆ ಇತ್ತು: "ಮಗು ಚೆನ್ನಾಗಿ ಹೊಂದಿಕೊಂಡಿದೆ, ಯಾವ ತೊಂದರೆಯನ್ನೂ ಕೊಡುತ್ತಿಲ್ಲ." ಅದನ್ನು ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸಾಕು ಮಕ್ಕಳ ಜೊತೆ ಕೆಲಸ ಮಾಡುವವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ: ತೊಂದರೆ ಕೊಡದ ಮಗುವನ್ನು ಎರಡು ಸಲ ನೋಡಿ. ಪಾತ್ರೆ ಒಡೆಯುವ, ಬಾಗಿಲು ಬಡಿಯುವ ಮಗುವಿಗೆ ಇನ್ನೂ ಯಾರಾದರೂ ಬಂದಾರು ಅನ್ನುವ ಆಸೆಯಿದೆ.

ನನ್ನ ಸಾಕುತಾಯಿ ಎರಡು ಸಲ ನೋಡಿದರು. ದಿಂಬಿನ ಕೆಳಗೆ ನಾನು ಬಚ್ಚಿಡುತ್ತಿದ್ದ ಬಿಸ್ಕತ್ತಿಗೆ ಇರುವೆ ಮುತ್ತಿದ ದಿನ ಅವರು ಬೈಯಲಿಲ್ಲ. ಸಂಜೆ ಮುಚ್ಚಳವಿರುವ ಒಂದು ಡಬ್ಬಿ ತಂದು ನನ್ನ ಹಾಸಿಗೆ ಪಕ್ಕ ಇಟ್ಟರು. "ಇದು ನಿಂದು. ಖಾಲಿಯಾದ್ರೆ ನಾನೇ ತುಂಬ್ತೀನಿ, ನೀನು ಹೇಳೋದೇನೂ ಬೇಡ" ಅಂದರು. ನಾನು ಕೇಳಲಾರೆ ಅನ್ನುವುದು ಅವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಮೊದಲ ತಿಂಗಳುಗಳಲ್ಲಿ ರಾತ್ರಿ ಎರಡು ಮೂರು ಸಲ ಎದ್ದು ಮುಚ್ಚಳ ತೆಗೆದು ನೋಡುತ್ತಿದ್ದೆ. ತಿನ್ನಲಿಕ್ಕಲ್ಲ, ಇದೆಯಾ ಅಂತ ನೋಡಲಿಕ್ಕೆ. ಒಂದೂಕಾಲು ವರ್ಷದ ನಂತರ ಒಂದು ದಿನ ಡಬ್ಬಿಯೊಳಗಿನದು ಮೆತ್ತಗಾಗಿತ್ತು. ಎಷ್ಟು ದಿನದಿಂದ ಮುಟ್ಟಿಲ್ಲ ಅನ್ನುವುದು ನನಗೇ ನೆನಪಿರಲಿಲ್ಲ.

ತಮ್ಮನ ವಿಷಯ ಇಷ್ಟು ಸಲೀಸಾಗಲಿಲ್ಲ. ಅವರು ಅವನಿಗೆ ಸ್ನಾನ ಮಾಡಿಸಲು ಹೋದರೆ ನಾನು ಬಚ್ಚಲಿನ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ನನ್ನ ಕೈಯಲ್ಲಿದ್ದ ಒಂದೇ ಕೆಲಸ ಅದು, ಅದನ್ನೂ ಕಿತ್ತುಕೊಂಡರೆ ನಾನು ಆ ಮನೆಗೆ ಏಕೆ ಬೇಕು? ಅವರು ಕಿತ್ತುಕೊಳ್ಳಲಿಲ್ಲ. ಅವನಿಗೆ ನೀರು ಎಷ್ಟು ಬಿಸಿ ಬೇಕು, ಯಾವ ಹಾಡಿಗೆ ನಿದ್ದೆ ಬರುತ್ತದೆ ಅಂತ ನನ್ನನ್ನೇ ಕೇಳಿ ಕೇಳಿ ಮಾಡಿದರು. ಮೊದಲು ಟವೆಲ್ ಹಿಡಿಯುವ ಕೆಲಸ ಅವರದು, ಉಳಿದದ್ದು ನನ್ನದು. ಆಮೇಲೆ ಅರ್ಧರ್ಧ. ವರ್ಷದ ಕೊನೆಗೆ ಟವೆಲ್ ನನ್ನ ಕೈಗೆ ಬಂತು, ಒಂದು ದಿನ ಆಡಲು ಹೋಗಿ ಅದನ್ನೂ ಮರೆತೆ. ಒಡಹುಟ್ಟಿದವರನ್ನು ಆದಷ್ಟು ಬೇರೆ ಮಾಡಬಾರದು ಅನ್ನುತ್ತದೆ ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಕ್ಕಳ ಪರ್ಯಾಯ ಆರೈಕೆಯ ಮಾರ್ಗಸೂಚಿ. ನಮ್ಮನ್ನು ಬೇರೆ ಮಾಡಲಿಲ್ಲ. ಬೇರೆ ಮಾಡಿದ್ದರೆ ಈ ಬರಹ ಇರುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಇನ್ನೊಂದು ಕಷ್ಟ, ಅವರನ್ನು ಏನಂತ ಕರೆಯುವುದು? ಬಾಗಿಲಿಗೆ ಬಂದ ಅಪರಿಚಿತರನ್ನೂ ನಾವು ಅಮ್ಮ ಅನ್ನುತ್ತೇವೆ. ಆ ಮನೆಯಲ್ಲಿ ಮಾತ್ರ ಅದು ಗಂಟಲು ದಾಟಲಿಲ್ಲ. ಅಮ್ಮ ಅಂದರೆ ಗೋಡೆಗೆ ಮುಖ ಮಾಡಿದ್ದ ಹೆತ್ತಮ್ಮನಿಗೆ ದ್ರೋಹ. ಆಂಟಿ ಅಂದರೆ ಇವರಿಗೆ ಬೇಸರವಾದೀತು ಅನ್ನುವ ಅಂಜಿಕೆ. ಏನೂ ಅನ್ನದೆ, ಬೇಕಾದಾಗ ಅವರ ಹತ್ತಿರ ಹೋಗಿ ನಿಂತುಕೊಳ್ಳುತ್ತಿದ್ದೆ, ಅವರಾಗಿ ತಿರುಗಿ ನೋಡುವವರೆಗೆ. ಕರೆಯಲು ಪದವಿಲ್ಲದವರು ಕೇಳುವುದಾದರೂ ಹೇಗೆ? ಇದು ಅವರಿಗೆ ಅರ್ಥವಾಗಿ, "ಆಂಟಿ ಅನ್ನು ಮರಿ, ಅಷ್ಟು ಸಾಲದಾ?" ಅಂದರು. ಸಾಲುತ್ತಿತ್ತು. ಇವತ್ತಿಗೂ ಆಂಟಿ ಅಂತಲೇ ಕರೆಯುತ್ತೇನೆ.

ಹದಿನೆಂಟು ತುಂಬಿದ ದಿನ ಕಾಗದದ ಮೇಲೆ ನಮ್ಮ ಸಂಬಂಧ ಮುಗಿಯಿತು. ಆಂಟಿ ಮನೆಯ ಕೀಲಿ ವಾಪಸ್ ತೆಗೆದುಕೊಳ್ಳಲಿಲ್ಲ. ಆದರೆ ಬೇರೆ ಊರಿನಲ್ಲಿ ಒಬ್ಬಂಟಿ ಕೋಣೆ ಹಿಡಿದ ಮೇಲೆ ಹಳೆಯದೆಲ್ಲ ಮರುಕಳಿಸಿತು. ಹಸಿವಾಗಿದೆ ಅನ್ನುವುದು ಕೈ ನಡುಗಿದಾಗಲೇ ಗೊತ್ತಾಗುತ್ತಿತ್ತು. ಇಪ್ಪತ್ತೆರಡರಲ್ಲಿ ದವಡೆ ಊದಿಕೊಂಡು ಮೂರು ವಾರ ಹಾಗೇ ಕೆಲಸಕ್ಕೆ ಹೋದೆ. ಹಲ್ಲಿನ ಡಾಕ್ಟರು, "ಇಷ್ಟು ದಿನ ಹೇಗೆ ತಡ್ಕೊಂಡ್ರಿ?" ಅಂತ ಕೇಳಿದರು. ಅದು ನನಗೆ ಹೊಗಳಿಕೆಯಂತೆ ಕೇಳಿಸಿತು. ಮನೆಗೆ ಬಂದು ಕೂತಾಗ ಮಾತ್ರ ಭಯವಾಯಿತು, ಇಷ್ಟು ನೋವು ನನಗೇ ಕೇಳಿಸಲಿಲ್ಲವಲ್ಲ ಅಂತ. ಆಪ್ತಸಮಾಲೋಚಕರ ಹತ್ತಿರ ಹೋಗಲು ಶುರು ಮಾಡಿದ್ದು ಆಮೇಲೆ.

ಅವರು ಹೇಳಿಕೊಟ್ಟದ್ದು, ನಾನು ತಿದ್ದಿಕೊಂಡದ್ದು ಬಹಳ ಸರಳ. ಮೊದಲು ದೇಹ. ಹಸಿವಿಗೆ ಕಾಯದೆ ಗಡಿಯಾರ ನೋಡಿ ಊಟ, ಹೊತ್ತು ನೋಡಿ ನಿದ್ದೆ. ಸುಮಾರು ಎಂಟು ತಿಂಗಳಾದ ಮೇಲೆ ಅಲಾರಾಂಗೆ ಮುಂಚೆಯೇ ಹಸಿವು ಬರತೊಡಗಿತು. ಯಾವ ನೋವೇ ಇರಲಿ, ಎರಡು ದಿನ ದಾಟಿದರೆ ಒಬ್ಬರಿಗೆ ಹೇಳಲೇಬೇಕು. ತಡೆದುಕೊಳ್ಳಬಹುದಾ ಅಂತ ನನ್ನನ್ನು ನಾನು ಕೇಳಿಕೊಳ್ಳುವಂತಿಲ್ಲ. ತಡೆದುಕೊಳ್ಳಬಹುದು ಅನ್ನುವುದು ಯಾವಾಗಲೂ ನನ್ನ ಉತ್ತರ.

ಆಮೇಲೆ ಕೇಳುವುದು. ದಿನಕ್ಕೆ ಒಂದು ಸಲ ಯಾರನ್ನಾದರೂ ಏನಾದರೂ ಕೇಳಬೇಕು. ಇಲ್ಲ ಅಂದರೂ ನಷ್ಟವಾಗದ್ದರಿಂದ ಶುರು: ಪೆನ್ನು ಕೊಡ್ತೀರಾ, ಸ್ವಲ್ಪ ಜರುಗ್ತೀರಾ, ಇದನ್ನ ಇನ್ನೊಂದು ಸಲ ಹೇಳ್ತೀರಾ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ. ಏನು ಕೇಳಿದೆ, ಕೇಳುವ ಮುಂಚೆ ಏನಾಗಬಹುದು ಅಂದುಕೊಂಡೆ, ನಿಜವಾಗಿ ಏನಾಯಿತು. ನಡುವಿನ ಕಾಲಂನಲ್ಲಿ ಬರೆದದ್ದನ್ನು ಈಗ ಓದಿದರೆ ಕಣ್ಣು ತುಂಬುತ್ತದೆ. ಪೆನ್ನು ಕೇಳಿದ್ದಕ್ಕೆ "ನನ್ನನ್ನು ಕೆಲಸದಿಂದ ಕಳಿಸಬಹುದು" ಅಂತ ಬರೆದಿದ್ದೇನೆ. ಮೊದಲ 60 ದಿನದಲ್ಲಿ ನನಗೆ ಇಲ್ಲ ಅಂದವರು ಏಳು ಜನ. ಅವರಲ್ಲಿ ಯಾರೂ ನನ್ನ ಮೇಲೆ ಸಿಟ್ಟಾಗಲಿಲ್ಲ, ಮರುದಿನವೂ ಮಾತಾಡಿಸಿದರು. ನನ್ನ ಮಟ್ಟಿಗೆ ಹೌದು ಅಂದವರಿಗಿಂತ ಈ ಏಳು ಜನ ಮುಖ್ಯ. ಇಲ್ಲ ಅನ್ನಿಸಿಕೊಂಡ ಮೇಲೂ ಸಂಬಂಧ ಉಳಿಯುತ್ತದೆ ಅನ್ನುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ದೊಡ್ಡ ಕೇಳಿಕೆಗಳು ಆಮೇಲೆ ಬಂದವು. ಫೈಲ್ ಕೇಳಿದ್ದು ಅವುಗಳಲ್ಲಿ ಒಂದು. ನೀವೂ ಕೇಳುವುದಾದರೆ ಒಬ್ಬರೇ ಕೂತು ಓದಬೇಡಿ, ರಾತ್ರಿಯಂತೂ ಬೇಡವೇ ಬೇಡ. ನಾನು ಸಮಾಲೋಚಕರ ಎದುರಿನಲ್ಲಿ ಓದಿದೆ, ನಾಲ್ಕು ಭೇಟಿ ಹಿಡಿಯಿತು. ಅಧಿಕಾರಿಗಳ ಭಾಷೆಯಲ್ಲಿ ನಾನೊಂದು ಪ್ರಕರಣ. ಆದರೆ ಅದೇ ಫೈಲಿನಿಂದ ಅಮ್ಮನ ಬಗ್ಗೆ ತಿಳಿಯಿತು: ತಮ್ಮ ಹುಟ್ಟಿದ ಮೇಲೆ ಅವಳಿಗೆ ತೀವ್ರ ಖಿನ್ನತೆ, ಚಿಕಿತ್ಸೆ ಸಿಕ್ಕಿರಲಿಲ್ಲ. ಅವಳಿಗೂ ಕೇಳಲು ಬಂದಿರಲಿಲ್ಲವೇನೋ. ಇದರಿಂದ ನನ್ನ ನೋವು ಕಡಿಮೆಯಾಯಿತು ಅನ್ನಲಾರೆ. ಅವಳನ್ನು ಕ್ಷಮಿಸಿದೆಯಾ ಅಂತ ಜನ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವ ಅವಸರ ನನಗಿಲ್ಲ, ನಿಮಗೂ ಬೇಕಿಲ್ಲ. ವರ್ಷಕ್ಕೆ ಎರಡು ಸಲ ಹೋಗಿ ನೋಡಿ ಬರುತ್ತೇನೆ.

ಫೈಲಿನ ಜೊತೆಗಿಟ್ಟು ಓದಲು ನನಗೆ ಇನ್ನೊಂದಿತ್ತು. ಆಂಟಿ ಒಂದು ಆಲ್ಬಂ ಮಾಡಿಟ್ಟಿದ್ದರು: ನಾವು ಬಂದ ದಿನ ತೊಟ್ಟಿದ್ದ ಬಟ್ಟೆಯ ಫೋಟೊ, ಬಿದ್ದ ಹಲ್ಲಿನ ತಾರೀಕು, ನಾನು ಮೊದಲ ಸಲ ಜೋರಾಗಿ ಅತ್ತ ದಿನ. ಅದರ ಕೆಳಗೆ "ಇವತ್ತು ಒಳ್ಳೆಯ ದಿನ" ಅಂತ ಬರೆದಿದ್ದರು. ಸಾಕು ಮನೆಯಲ್ಲಿರುವ ಮಗುವಿಗೆ ಇಂಥ ಬದುಕಿನ ಪುಸ್ತಕ ಇರಬೇಕು, ಮಗುವನ್ನು ಸೇರಿಸಿಕೊಂಡೇ ಅದನ್ನು ಮಾಡಬೇಕು ಅಂತ ಆ 2009ರ ಮಾರ್ಗಸೂಚಿಯಲ್ಲೂ ಇದೆ. ಆಂಟಿ ಅದನ್ನು ಓದಿದವರಲ್ಲ.

ತಮ್ಮನಿಗೆ ಆ ಹಳೆಯ ಮನೆಯ ನೆನಪೇ ಇಲ್ಲ. ರುಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಸಂಶೋಧಕರು ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟು ಜನರನ್ನು ಸಾಕು ಕುಟುಂಬಗಳಿಗೆ ಕಳಿಸಿ ವರ್ಷಗಟ್ಟಲೆ ಗಮನಿಸಿದರು. ಸುಮಾರು ಎರಡು ವರ್ಷದೊಳಗೆ ಮನೆ ಸೇರಿದ ಮಕ್ಕಳು ಹಲವು ವಿಷಯಗಳಲ್ಲಿ ಹೆಚ್ಚು ಚೇತರಿಸಿಕೊಂಡರು. ಅದನ್ನು ಓದುವಾಗ ನನಗೆ ನನ್ನ ಎಂಟು ವರ್ಷ ನೆನಪಾಗಲಿಲ್ಲ, ಅವನ ಇಪ್ಪತ್ಮೂರು ತಿಂಗಳು ನೆನಪಾಯಿತು.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಅವನ ಫೋನ್ ಬಂತು. ಏನು ಅನಾಹುತವೋ ಅಂತ ಗಾಬರಿಯಾಗಿ ಎತ್ತಿದೆ. "ನಿದ್ದೆ ಬರ್ತಿಲ್ಲ, ಸ್ವಲ್ಪ ಹೊತ್ತು ಮಾತಾಡು" ಅಂದ. ಮಾತಾಡಿದೆವು. ಇಡುವ ಮುಂಚೆ, ನನಗೂ ಈ ವಾರ ಮನಸ್ಸು ಸರಿಯಿಲ್ಲ, ಭಾನುವಾರ ಬರ್ತೀಯಾ ಅಂತ ಕೇಳಿದೆ. "ಬರ್ತೀನಿ" ಅಂದ.