ಹೆಪ್ಪು ಹಿಡಿಯದ ಹಾಲು

ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ ಮೂರು ಸೀಮೆ ಹಸು ಕಟ್ಟಿಕೊಂಡಿದ್ದೇನೆ. ಹಿಂದೊಮ್ಮೆ ದೊಡ್ಡ ಹಸುವಿಗೆ ಕೆಚ್ಚಲು ಬಾವು ಬಂತು. ಮುಟ್ಟಿದರೆ ಬಿಸಿ, ಕೈ ಹಾಕಿದರೆ ಒದೆತ. ಹಾಲಲ್ಲಿ ಬಿಳಿ ಚೂರುಗಳು. ಡಾಕ್ಟ್ರನ್ನು ಕರೆಯಲಿಲ್ಲ. ಪಕ್ಕದ ಮನೆಯಲ್ಲಿ ಉಳಿದಿದ್ದ ಆಂಟಿಬಯೋಟಿಕ್ ಟ್ಯೂಬ್ ತಂದು ತೊಟ್ಟಿಗೆ ಏರಿಸಿದೆ. ಊತ ಇಳಿಯಿತು, ಅಲ್ಲಿಗೇ ಬಿಟ್ಟೆ.

ಆ ಹಾಲನ್ನು ಡೈರಿಗೆ ಹಾಕದೆ ಮನೆಗೆ ಇಟ್ಟುಕೊಂಡೆವು. ಕಾಯಿಸಿದರೆ ಎಲ್ಲಾ ಹೋಗುತ್ತೆ ಅಂತ ನನ್ನ ಲೆಕ್ಕ. ಅತ್ತೆ ರಾತ್ರಿ ಹೆಪ್ಪು ಹಾಕಿದರು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗೇ ಇದೆ. "ಹೆಪ್ಪೇ ಸರಿಯಿಲ್ಲ ಕಣಮ್ಮಿ" ಅಂತ ಇನ್ನೊಂದು ಮನೆಯಿಂದ ಹೆಪ್ಪು ತಂದರು. ಅದೂ ಅಷ್ಟೇ.

ಎರಡು ವಾರಕ್ಕೆ ಬಾವು ಮತ್ತೆ ಬಂತು. ಈ ಸಲ ಡಾಕ್ಟ್ರು ಬಂದರು. ಮೊಸರಿನ ಕತೆ ಕೇಳಿ ನಕ್ಕರು. "ಹೆಪ್ಪಲ್ಲಿರೋದೂ ಬ್ಯಾಕ್ಟೀರಿಯಾನೇ ಅಲ್ವೇನಮ್ಮ? ಔಷಧಿ ಅದನ್ನೂ ಬಿಟ್ಟಿಲ್ಲ. ಕಾಯಿಸಿದರೂ ಪೂರ್ತಿ ಹೋಗಲ್ಲ."

ಔಷಧಿ ಕೊಡುವ ಮೊದಲೇ ಹಾಲಿನ ಸ್ಯಾಂಪಲ್ ತೆಗೆದರು. ತೊಟ್ಟನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೊದಲ ಧಾರೆ ಚೆಲ್ಲಿ, ಆಮೇಲೆ ಶುದ್ಧ ಬಾಟ್ಲಿಗೆ. ಔಷಧಿ ಮೊದಲು ಬಿದ್ದರೆ ಪರೀಕ್ಷೆಯಲ್ಲಿ ಕ್ರಿಮಿ ಬೆಳೆಯದೇ ಹೋಗಬಹುದಂತೆ. ರಿಪೋರ್ಟ್ ಬಂದ ಮೇಲೆ ಔಷಧಿಯನ್ನೇ ಬದಲಾಯಿಸಿದರು. ನಾನು ಸುಮ್ನೆ ಏರಿಸಿದ್ದ ಟ್ಯೂಬ್ ಆ ಕ್ರಿಮಿಗೆ ನಾಟುತ್ತಲೇ ಇರಲಿಲ್ಲ!

ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಔಷಧಿ ಹೆಸರು, ಕೊಟ್ಟ ದಿನ ಬರೆದೆ. ಎಷ್ಟು ದಿನ ಹಾಲು ಹಾಕಬಾರದು ಅನ್ನೋದು ಔಷಧಿಯ ಲೇಬಲ್ ಮೇಲೇ ಇರುತ್ತೆ. ಕೊನೆಯ ಡೋಸ್‌ನಿಂದ ಎಣಿಸಬೇಕು, ಮೊದಲ ಡೋಸ್‌ನಿಂದಲ್ಲ. ಬಾವು ಒಂದೇ ತೊಟ್ಟಿಗೆ ಇದ್ದರೂ ನಾಲ್ಕರ ಹಾಲನ್ನೂ ಚೆಲ್ಲಬೇಕು, ಔಷಧಿ ರಕ್ತಕ್ಕೆ ಸೇರಿ ಉಳಿದವಕ್ಕೂ ಹೋಗುತ್ತೆ. ಕರುವಿಗೂ ಕುಡಿಸುವಂತಿಲ್ಲ. ದಿನಕ್ಕೆ 14 ಲೀಟರ್ ಹಾಲನ್ನು ಬಾವಿಯಿಂದ ದೂರ ಗುಂಡಿ ತೋಡಿ ಸುರಿದೆ. "ಬೇರೆ ಹಸು ಹಾಲಿಗೆ ಸ್ವಲ್ಪ ಸ್ವಲ್ಪ ಸೇರಿಸಿದರೆ ಯಾರಿಗೆ ಗೊತ್ತಾಗುತ್ತೆ?" ಅಂದರು ನಮ್ಮನೆಯವರು. ನನಗೂ ಅನಿಸಿತ್ತು, ಸುಳ್ಳೇಕೆ? ಕ್ಯಾನಿನ ಮುಚ್ಚಳ ತೆಗೆದೂ ನಿಂತಿದ್ದೆ.

ಈಗ ಕರೆಯುವಾಗ ಮೊದಲ ಧಾರೆ ಕಪ್ಪು ಬಟ್ಟೆ ಮೇಲೆ ಬಿಡುತ್ತೇನೆ, ಚೂರಿದ್ದರೆ ಕಾಣುತ್ತೆ. ಬಾವು ಬಂದಿರೋದನ್ನು ಕೊನೆಗೆ ಕರೆಯುತ್ತೇನೆ. ಕರೆದಾದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣಕ್ಕೆ ಅದ್ದಿ, ಮುಂದೆ ಮೇವು ಹಾಕುತ್ತೇನೆ. ತಿನ್ನುತ್ತಾ ಅರ್ಧ ಗಂಟೆ ನಿಂತರೆ ತೊಟ್ಟಿನ ಬಾಯಿ ಮುಚ್ಚಿಕೊಳ್ಳುತ್ತೆ, ಮಲಗಿದರೆ ಸಗಣಿ ತಾಗುತ್ತೆ.

ವರ್ಷದಿಂದ ಟ್ಯೂಬ್ ತಂದಿಲ್ಲ. ಅತ್ತೆ ಮಾತ್ರ ಇನ್ನೂ ಆ ಮನೆಯ ಹೆಪ್ಪನ್ನೇ ಬೈಯುತ್ತಾರೆ.